ಯಾರಿಗೂ ತಾಗದ ಚಾಟಿ

ನಮ್ಮ ಪತ್ರಿಕೆಗಳಲ್ಲಿ ವಾರಕ್ಕೊಮ್ಮೆಯಾದರೂ ಯಾರಾದರೂ ಯಾರಿಗಾದರೂ ಚಾಟಿ ಬೀಸಿರುತ್ತಾರೆ. ಹೈಕೋರ್ಟು ಸರ್ಕಾರಕ್ಕೆ, ವಿರೋಧ ಪಕ್ಷ ಮಂತ್ರಿಗೆ, ಹಿರಿಯ ಸಾಹಿತಿ ಕಿರಿಯರಿಗೆ. ಪುಸ್ತಕ ವಿಮರ್ಶೆಯಲ್ಲಿ ‘ಲೇಖಕರು ವ್ಯವಸ್ಥೆಗೆ ಚಾಟಿಯೇಟು ಕೊಟ್ಟಿದ್ದಾರೆ’ ಎಂಬ ವಾಕ್ಯವಂತೂ ಸವೆದು ಸವೆದು ಉಂಗುಷ್ಟ ಕಿತ್ತ ಚಪ್ಪಲಿಯಂತಾಗಿದೆ. ಇಲ್ಲೆಲ್ಲ ಚಾಟಿಗೆ ಇರುವುದು ಒಂದೇ ಕೆಲಸ, ಬೆನ್ನಿನ ಮೇಲೆ ಬೀಳುವುದು. ಆದರೆ ಕನ್ನಡದಲ್ಲಿ ಅದೇ ಹೆಸರು ಇನ್ನೊಂದಕ್ಕೂ ಇದೆ. ಬುಗುರಿಗೆ ಸುತ್ತುವ ದಾರವೂ ಚಾಟಿಯೇ. ಅದು ಯಾರನ್ನೂ ಹೊಡೆಯುವುದಿಲ್ಲ. ಸುತ್ತಿ, ಬೀಸಿ, ಸರಕ್ಕನೆ ಎಳೆದರೆ ಬುಗುರಿ ನೆಲದ ಮೇಲೆ ನಿದ್ದೆ ಹೋದಂತೆ ನಿಂತು ತಿರುಗುತ್ತದೆ. ಒಂದೇ ಹೆಸರಿನ ಈ ಎರಡರಲ್ಲಿ ನಮ್ಮ ಸಾಹಿತ್ಯ ಮೊದಲನೆಯದನ್ನಷ್ಟೇ ಎತ್ತಿಕೊಂಡಿತು, ಎರಡನೆಯದನ್ನು ಮಕ್ಕಳ ಕೈಗೆ ಬಿಟ್ಟಿತು.

ಚಾಟಿ ಸಿಡಿಸುವುದನ್ನೇ ಹವ್ಯಾಸ ಮಾಡಿಕೊಂಡವರಿದ್ದಾರೆ, ಅದಕ್ಕೊಂದು ಶಾಸ್ತ್ರವೇ ಇದೆ ಎಂದು ನನಗೆ ಗೊತ್ತಾದದ್ದು ದಾವಣಗೆರೆಯ ನಮ್ಮ ದೇವರಾಜ ಅರಸು ಬಡಾವಣೆಯ ಒಬ್ಬ ಹುಡುಗನಿಂದ. ಇಂಜಿನಿಯರಿಂಗ್ ಓದುವವನು. ವಿಡಿಯೊ ನೋಡಿ ಕಲಿತು, ನೈಲಾನ್ ಹಗ್ಗದಲ್ಲಿ ತಾನೇ ಹೆಣೆದ ಎಂಟಡಿ ಚಾಟಿಯನ್ನು ಬೆಳಗಿನ ಹೊತ್ತು ಖಾಲಿ ಸೈಟೊಂದರಲ್ಲಿ ಬೀಸುತ್ತಾನೆ. ಕಣ್ಣಿಗೆ ದಪ್ಪ ಕನ್ನಡಕ, ತಲೆಗೆ ಟೋಪಿ, ಉದ್ದ ತೋಳಿನ ಅಂಗಿ. ಮೊದಮೊದಲು ಪಟಾಕಿಯೆಂದುಕೊಂಡು ಬೈದವರೂ ಉಂಟು. ಒಂದು ದಿನ ಹರಿಹರದ ಕಡೆಯ ಹಳ್ಳಿಯಿಂದ ಮಗನ ಮನೆಗೆ ಬಂದಿದ್ದ ಹಿರಿಯರೊಬ್ಬರು ನಿಂತು ನೋಡಿದರು.

‘ಯಾರಿಗ್ ಹೊಡಿತೀಯಪ್ಪಾ ತಮ್ಮಾ?’

‘ಯಾರಿಗೂ ಇಲ್ಲ ಅಜ್ಜಾ. ಸುಮ್ನೆ ಸದ್ದು ಬರಿಸ್ತಿದೀನಿ.’

ಅಜ್ಜ ಚಾಟಿಯನ್ನು ಕೈಗೆ ತಗೊಂಡು, ಹಿಡಿಯಿಂದ ತುದಿಯವರೆಗೆ ಬೆರಳಾಡಿಸಿ, ‘ಇಷ್ಟುದ್ದ ಬಾರು ಆಗಬಾರ್ದು. ಎತ್ತಿನ ಕಣ್ಣಿಗೆ ಬೀಳ್ತತಿ’ ಅಂದರು. ಸುತ್ತಮುತ್ತ ಎಲ್ಲೂ ಎತ್ತಿರಲಿಲ್ಲ. ಆದರೂ ಅವರ ಮಾತಿನಲ್ಲಿ ಒಂದು ಅಳತೆಯಿತ್ತು. ಎಷ್ಟುದ್ದದ ಬಾರು ಬೆನ್ನಿನ ಮೇಲಿನ ಗಾಳಿಯಲ್ಲಿ ಸದ್ದು ಮಾಡುತ್ತದೆ, ಎಷ್ಟುದ್ದವಾದರೆ ಕಣ್ಣಿಗೆ ಹೋಗುತ್ತದೆ ಎಂಬ ಅಳತೆ. ಈ ಲೇಖನ ಹೇಳಬೇಕೆಂದಿರುವುದೂ ಆ ಅಳತೆಯ ಬಗ್ಗೆಯೇ.

ಚಾಟಿಯ ಸದ್ದು ಹುಟ್ಟುವುದು ಏಟಿನಿಂದಲ್ಲ. ಚಾಟಿ ಹಿಡಿಯ ಕಡೆ ದಪ್ಪ, ತುದಿಗೆ ಹೋದಂತೆ ಸಣ್ಣ. ಕೈ ಬೀಸಿದಾಗ ಅದರಲ್ಲೊಂದು ಮಡಿಕೆ ಹುಟ್ಟಿ ತುದಿಯ ಕಡೆಗೆ ಓಡುತ್ತದೆ. ಓಡಿದಂತೆಲ್ಲ ಅದು ಹೊರಬೇಕಾದ ತೂಕ ಕಡಿಮೆಯಾಗುತ್ತದೆ, ಕೈ ಕೊಟ್ಟ ಶಕ್ತಿಯ ಬಹುಪಾಲು ಹಾಗೆಯೇ ಉಳಿದಿರುತ್ತದೆ. ಆದ್ದರಿಂದ ವೇಗ ಏರುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಚಾಟಿ ಅದನ್ನು ಮೀರುತ್ತದೆ. ‘ಠಳಾರ್’ ಎನ್ನುವುದು ಹಾಗೆ ಮೀರಿದಾಗ ಹುಟ್ಟುವ ಆಘಾತದ ಅಲೆ. 1958ರಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧಕರು ಅತಿವೇಗದ ಛಾಯಾಚಿತ್ರಗಳನ್ನು ತೆಗೆದು ಇದನ್ನು ವಿವರಿಸಿದರು. 2002ರಲ್ಲಿ ಅರಿಝೋನಾ ವಿಶ್ವವಿದ್ಯಾಲಯದ ಗೊರಿಯಲಿ ಮತ್ತು ಮೆಕ್‌ಮಿಲನ್ ಇನ್ನೂ ಸೂಕ್ಷ್ಮವಾದದ್ದನ್ನು ತೋರಿಸಿದರು. ಓಡುವ ಮಡಿಕೆಯೇ ಶಬ್ದದ ವೇಗ ಮುಟ್ಟಿದಾಗ ಸಿಡಿತ ಕೇಳಿಸುತ್ತದೆ. ಆ ಹೊತ್ತಿಗೆ ತುದಿ ಅದರ ಎರಡು ಪಟ್ಟು ವೇಗದಲ್ಲಿರುತ್ತದೆ. ವಿಮಾನದಲ್ಲಿ ಮನುಷ್ಯ ಈ ಗಡಿ ದಾಟಿದ್ದು 1947ರಲ್ಲಿ. ದನ ಕಾಯುವವನು ಅದನ್ನು ಯಾವತ್ತೋ ದಾಟಿ, ಮಧ್ಯಾಹ್ನದ ಬುತ್ತಿ ಬಿಚ್ಚಿ ಕೂತಿದ್ದ.

ವಿಮರ್ಶೆಗೆ ಬೇಕಾದ ಸಂಗತಿ ಇದರಲ್ಲೇ ಇದೆ. ಮಡಿಕೆ ಪೂರ್ತಿ ಬಿಚ್ಚಿಕೊಳ್ಳುವ ಮೊದಲೇ ಚಾಟಿ ಏನಕ್ಕಾದರೂ ತಾಗಿದರೆ ಶಕ್ತಿಯೆಲ್ಲ ಅಲ್ಲೇ ಕಳೆದುಹೋಗುತ್ತದೆ. ಆಗ ಕೇಳುವುದು ಏಟಿನ ಸದ್ದು, ಸಿಡಿತದ ಸದ್ದಲ್ಲ. ಒಳ್ಳೆಯ ಸಿಡಿತ ಬೇಕೆಂದರೆ ಚಾಟಿಗೆ ತನ್ನ ದಾರಿಯಲ್ಲಿ ಏನೂ ಅಡ್ಡ ಬರಬಾರದು. ಹೊಡೆಯುವ ಚಾಟಿ, ಸಿಡಿಯುವ ಚಾಟಿ ಎಂಬುದು ನಾನು ಅನುಕೂಲಕ್ಕೆಂದು ಮಾಡಿಕೊಂಡ ವಿಂಗಡಣೆಯಲ್ಲ, ಚಾಟಿಯೊಳಗೇ ಇರುವುದು.

ಹಳೆಯ ಬಂಡಿಕಾರರಿಗೆ ಇದು ಗೊತ್ತಿತ್ತು. ದಾವಣಗೆರೆಯ ಮಿಲ್ಲುಗಳಿಗೆ ಹತ್ತಿ ಬಂಡಿಯಲ್ಲಿ ಬರುತ್ತಿದ್ದ ಕಾಲದ ಹಿರಿಯರನ್ನು ಕೇಳಿದರೆ, ಬಾರುಕೋಲನ್ನು ಎತ್ತಿನ ಮೈಗೆ ತಾಗಿಸುವವನನ್ನು ಅವರು ಜಾಣ ಎನ್ನುವುದಿಲ್ಲ. ನೆತ್ತಿಯ ಮೇಲೆ ಸದ್ದು ಮಾಡಿ, ಬಾಯಲ್ಲೊಂದು ‘ಹ್ಞೂಂ’ ಕೊಟ್ಟು, ಎಡದ ಎತ್ತನ್ನು ಹೆಸರು ಹಿಡಿದು ಕರೆದು ಬಂಡಿ ಹೊಡೆಯುವವನೇ ಜಾಣ. ಎಲ್ಲರೂ ಹಾಗಿದ್ದರು ಎಂದು ನಾನು ಹೇಳುತ್ತಿಲ್ಲ. ಬರೆ ಬಿದ್ದ ಎತ್ತುಗಳನ್ನು ಸಂತೆಯಲ್ಲಿ ಯಾರು ನೋಡಿಲ್ಲ? ಆದರೆ ಮೆಚ್ಚುಗೆ ಯಾರಿಗೆ ಸಲ್ಲುತ್ತಿತ್ತು ಎಂಬುದೂ ಒಂದು ಸಮಾಜದ ಬಗ್ಗೆ ಏನನ್ನೋ ಹೇಳುತ್ತದೆ. ನಮ್ಮ ಮಾತುಗಳಲ್ಲೂ ಈ ವ್ಯತ್ಯಾಸ ಇದೆ. ಬಾರುಕೋಲು ರೈತನದು, ಚಬುಕು ಜಟಕಾದವನದು, ಹಂಟರ್ ಮಾತ್ರ ಸಿನಿಮಾದ ಜಮೀನ್ದಾರನದು. ಹಂಟರ್ ಹಿಡಿದವನ ಹತ್ತಿರ ಎತ್ತೂ ಇಲ್ಲ, ಕುದುರೆಯೂ ಇಲ್ಲ. ಅವನಿಗೆ ಇರುವುದು ಆಳುಗಳು.

ಸಿಡಿಯುವ ಚಾಟಿಯ ಬಗ್ಗೆ ಜಗತ್ತಿನ ಸಾಹಿತ್ಯದಲ್ಲಿ ಒಂದು ಪ್ರಸಿದ್ಧ ಪ್ರಬಂಧವಿದೆ. ದುರದೃಷ್ಟಕ್ಕೆ ಅದು ಬೈಗುಳ. ಜರ್ಮನ್ ತತ್ತ್ವಜ್ಞಾನಿ ಶೋಪೆನ್‌ಹಾವರ್ 1851ರಲ್ಲಿ ಪ್ರಕಟಿಸಿದ ‘ಪರೇರ್ಗಾ ಉಂಡ್ ಪರಾಲಿಪೊಮೆನಾ’ದಲ್ಲಿ ಸದ್ದುಗದ್ದಲದ ಮೇಲೊಂದು ಪ್ರಬಂಧ ಬರೆದ. ಆಗ ಅವನಿದ್ದದ್ದು ಫ್ರಾಂಕ್‌ಫರ್ಟಿನಲ್ಲಿ. ಲೋಕದ ಎಲ್ಲ ಸದ್ದುಗಳಲ್ಲಿ ಅತ್ಯಂತ ಅಕ್ಷಮ್ಯವಾದದ್ದು ಓಣಿಗಳಲ್ಲಿ ಬಂಡಿಕಾರರು ಸಿಡಿಸುವ ಚಾಟಿಯದು ಎಂಬುದು ಅವನ ವಾದ. ಮರಳೋ ಗೊಬ್ಬರವೋ ಹೇರಿಕೊಂಡು ಹೊರಟ ಒಬ್ಬ ಬಂಡಿಯವನು ಅರ್ಧ ಗಂಟೆಯಲ್ಲಿ ಊರಿನ ಸಾವಿರಾರು ತಲೆಗಳೊಳಗೆ ಮೊಳೆಯುತ್ತಿದ್ದ ವಿಚಾರಗಳನ್ನು ಚಿವುಟಿ ಹಾಕುತ್ತಾನೆ. ಕುದುರೆಗಳಿಗೆ ಆ ಸದ್ದು ಅಭ್ಯಾಸವಾಗಿ ಹೋಗಿರುವುದರಿಂದ ಅದರಿಂದ ಕೆಲಸವೂ ಆಗುವುದಿಲ್ಲ. ಇದು ತಲೆಯಿಂದ ದುಡಿಯುವವರ ಮೇಲೆ ಕೈಯಿಂದ ದುಡಿಯುವವರು ತೀರಿಸಿಕೊಳ್ಳುವ ಸೇಡು. ಓದಲು ಪ್ರಬಂಧ ಬಹಳ ಚೆನ್ನಾಗಿದೆ. ಡಿಜೆ ಸದ್ದಿನಲ್ಲಿ ಪರೀಕ್ಷೆಗೆ ಓದಿದವರಿಗೆ ಇನ್ನೂ ಚೆನ್ನಾಗಿರುತ್ತದೆ.

ಆದರೆ ಪರಿಹಾರವಾಗಿ ಅವನು ಸೂಚಿಸುವುದೇನು? ಹಾಗೆ ಸದ್ದು ಮಾಡುವ ಬಂಡಿಕಾರನನ್ನು ಕೆಳಗಿಳಿಸಿ ಕೋಲಿನಿಂದ ಐದು ಏಟು ಸರಿಯಾಗಿ ಬಿಗಿಯಬೇಕು ಎನ್ನುತ್ತಾನೆ. ಗಾಳಿಯಲ್ಲಿ ಯಾರಿಗೂ ತಾಗದೆ ಸಿಡಿದ ಚಾಟಿಗೆ ತತ್ತ್ವಜ್ಞಾನಿ ಕೊಡುವ ಉತ್ತರ ಮೈಮೇಲೆ ಬೀಳುವ ಕೋಲು! ಅದೂ ಯಾರು? ಪ್ರಾಣಿಗಳ ನೋವಿನ ಬಗ್ಗೆ ಯುರೋಪಿನಲ್ಲಿ ಮನಮುಟ್ಟುವಂತೆ ಬರೆದ ಕೆಲವೇ ಚಿಂತಕರಲ್ಲಿ ಒಬ್ಬ. ಕುದುರೆಗೆ ಬೀಳುವ ಏಟು ಅವನನ್ನು ನೋಯಿಸುತ್ತದೆ, ಬಂಡಿಕಾರನ ಬೆನ್ನು ನೋಯಿಸುವುದಿಲ್ಲ. ಕೈಕೆಲಸದವನ ಸದ್ದಿನಲ್ಲಿ ಒಂದು ಕಲೆ ಇರಬಹುದು, ದಿನವಿಡೀ ಮಣ್ಣು ಹೇರುವವನಿಗೆ ಅದೊಂದೇ ಆಟವಾಗಿರಬಹುದು ಎಂಬ ಯೋಚನೆ ಅಷ್ಟು ದೊಡ್ಡ ತಲೆಯ ಹತ್ತಿರವೂ ಸುಳಿಯಲಿಲ್ಲ. ತಮಾಷೆಯೆಂದರೆ ಅದೇ ಜರ್ಮನ್ ನಾಡಿನ ಇನ್ನೊಂದು ಮೂಲೆಯಲ್ಲಿ, ಬವೇರಿಯಾ ಮತ್ತು ಸಾಲ್ಸ್‌ಬರ್ಗಿನ ಗಡಿಯಲ್ಲಿ, ರೈತರು ಚಳಿಗಾಲದ ಕೊನೆಗೆ ಸಾಲಾಗಿ ನಿಂತು ತಾಳಕ್ಕೆ ಸರಿಯಾಗಿ ಚಾಟಿ ಸಿಡಿಸುತ್ತಾರೆ. ಅಪರ್‌ಶ್ನಾಲ್ಸೆನ್ ಎಂದು ಅದರ ಹೆಸರು. ಈಗಲೂ ಅಲ್ಲಿ ತಂಡಗಳ ನಡುವೆ ಸ್ಪರ್ಧೆ ನಡೆಯುತ್ತದೆ. ಫ್ರೆಂಚ್ ಸಂಗೀತಗಾರ ರಾವೆಲ್ ತನ್ನ ಒಂದು ಪಿಯಾನೊ ಕೃತಿಯನ್ನು ಶುರು ಮಾಡುವುದೇ ಚಾಟಿಯ ಸಿಡಿತದಿಂದ. ಆದರೆ ಆ ವಾದ್ಯ ನಿಜವಾದ ಚಾಟಿಯಲ್ಲ. ಎರಡು ಮರದ ಪಟ್ಟಿಗಳನ್ನು ಪಟ್ಟನೆ ಬಡಿಯುವುದು. ಸಂಗೀತ ಸಭೆಯೊಳಗೆ ಸದ್ದಿಗೆ ಪ್ರವೇಶ ಸಿಕ್ಕಿತು, ಚಾಟಿಗೆ ಸಿಗಲಿಲ್ಲ.

ಕಥನ ಸಾಹಿತ್ಯದಲ್ಲಿ ಹೊಡೆಯುವ ಚಾಟಿಗೇ ಜಾಗ, ಮತ್ತು ಅದಕ್ಕೆ ಕಾರಣವೂ ಇದೆ. ದೊಸ್ತೊಯೆವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ಯಲ್ಲಿ ರಾಸ್ಕೋಲ್ನಿಕೋವ್ ಬಾಲ್ಯದ ಕನಸೊಂದನ್ನು ಕಾಣುತ್ತಾನೆ. ಬಡಕಲು ಕುದುರೆಯೊಂದನ್ನು ಕುಡಿದ ಜನ ಕಣ್ಣಿನ ಮೇಲೆಲ್ಲ ಚಾಟಿಯಲ್ಲಿ ಬಾರಿಸಿ ಕೊಲ್ಲುತ್ತಾರೆ. ಅದನ್ನು ಓದಿದವರು ಕೆಲವು ದಿನ ಟಾಂಗಾದ ಕುದುರೆಯ ಮುಖ ನೋಡಲಾರರು. ಮಹಾತ್ಮ ಫುಲೆ 1883ರಲ್ಲಿ ಬರೆದ ಪುಸ್ತಕದ ಹೆಸರು ‘ಶೇತಕರ್‍ಯಾಚಾ ಆಸೂಡ್’, ಅಂದರೆ ರೈತನ ಬಾರುಕೋಲು. ಅಲ್ಲಿ ಚಾಟಿ ದಿಕ್ಕು ಬದಲಿಸಿ, ಏಟು ತಿನ್ನುತ್ತಿದ್ದವನ ಕೈಗೆ ಬರುತ್ತದೆ. ಸಿದ್ಧಲಿಂಗಯ್ಯನವರ ‘ಊರುಕೇರಿ’ಯ ಆರಂಭದಲ್ಲಿ ಇಬ್ಬರು ಮನುಷ್ಯರ ಹೆಗಲ ಮೇಲೆ ನೊಗ ಇದೆ, ಅವರಲ್ಲೊಬ್ಬರು ಲೇಖಕರ ಅಪ್ಪ. ಆ ದೃಶ್ಯಕ್ಕೆ ಚಾಟಿಯ ಮಾತು ಬೇಕಾಗುವುದೇ ಇಲ್ಲ, ನೊಗವೇ ಸಾಕು. ಇಂಥ ಬೆನ್ನುಗಳ ನೆನಪಿರುವ ಭಾಷೆಯಲ್ಲಿ ಚಾಟಿಯನ್ನು ಆಟಿಕೆ ಎಂದು ಕರೆಯುವುದು ಸುಲಭವಲ್ಲ, ಸುಲಭ ಆಗಬಾರದು ಕೂಡ.

ಸಿನಿಮಾ ಮಾಡಿದ್ದು ಬೇರೆ. ಎಂ.ಜಿ.ಆರ್. ನಟಿಸಿದ 1965ರ ‘ಎಂಗ ವೀಟ್ಟು ಪಿಳ್ಳೈ’ಯಲ್ಲಿ ಪುಕ್ಕಲು ನಾಯಕ ಚಾಟಿಯೇಟು ತಿನ್ನುತ್ತಾನೆ, ಅವನ ಅವಳಿ ಸೋದರ ಅದೇ ಚಾಟಿಯನ್ನು ಖಳನ ಮೇಲೆ ಬೀಸುತ್ತಾನೆ, ಥಿಯೇಟರು ಶಿಳ್ಳೆ ಹೊಡೆಯುತ್ತದೆ. ಕೈ ಬದಲಾಯಿತು, ಚಾಟಿಯ ಕೆಲಸ ಬದಲಾಗಲಿಲ್ಲ. ಅದಕ್ಕೂ ಮೂವತ್ತು ವರ್ಷ ಮೊದಲು, 1935ರಲ್ಲಿ, ವಾಡಿಯಾ ಮೂವಿಟೋನ್‌ನ ‘ಹಂಟರ್‌ವಾಲಿ’ ಬಂದಿತ್ತು. ಮುಖವಾಡ ಹಾಕಿ ಹಂಟರ್ ಹಿಡಿದು ಬಂದ ನಾದಿಯಾ ಹುಟ್ಟಿದ್ದು ಆಸ್ಟ್ರೇಲಿಯಾದ ಪರ್ತ್‌ನಲ್ಲಿ, ಅಂದರೆ ಚಾಟಿ ಸಿಡಿಸುವ ಹವ್ಯಾಸದ ತವರಿನಲ್ಲಿ. ಹೆಣ್ಣಿನ ಕೈಯಲ್ಲಿ ಹಂಟರ್ ಕಂಡು ಜನ ಮರುಳಾದರು. ಎಂ.ಜಿ.ಆರ್. ಕೈಯದಕ್ಕಿಂತ ನಾದಿಯಾ ಕೈಯ ಹಂಟರ್ ನನಗೆ ಇಷ್ಟ. ಅದರಲ್ಲಿ ಸೇಡಿಗಿಂತ ಮೋಜು ಜಾಸ್ತಿ.

ನಮ್ಮಲ್ಲಿ ಸಿಡಿಯುವ ಚಾಟಿಗೆ ರಾಜಕೀಯ ಅರ್ಥ ಕೊಟ್ಟದ್ದು ಸಾಹಿತಿಗಳಲ್ಲ, ರೈತರು. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘದವರು ‘ಬಾರುಕೋಲು ಚಳವಳಿ’ಯನ್ನು ಮತ್ತೆ ಮತ್ತೆ ಮಾಡಿದ್ದಾರೆ. ಹಸಿರು ಶಾಲು ಹೆಗಲಿಗೆ, ಬಾರುಕೋಲು ಕೈಗೆ, ಕಚೇರಿಯ ಗೇಟಿನ ಮುಂದೆ ಬಾರುಕೋಲಿನ ಸದ್ದು. ಅಲ್ಲಿ ಯಾರಿಗೂ ಏಟು ಬೀಳುವುದಿಲ್ಲ, ಒಳಗಿರುವವರಿಗೆ ಕೇಳಿಸುತ್ತದೆ ಅಷ್ಟೆ. ಎತ್ತಿನ ಬೆನ್ನಿನ ಮೇಲಿನ ಗಾಳಿಯಲ್ಲಿ ಮಾಡುತ್ತಿದ್ದುದನ್ನೇ ಅವರು ಸರ್ಕಾರದ ಬೆನ್ನಿನ ಮೇಲೂ ಮಾಡಿದರು. ಪತ್ರಿಕೆಗಳ ‘ಚಾಟಿ ಬೀಸಿದರು’ ಎಂಬ ತಲೆಬರಹ ಅಪರೂಪಕ್ಕೆ ಅಕ್ಷರಶಃ ನಿಜವಾಗುವುದು ಇಂಥ ದಿನ.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ದಾವಣಗೆರೆಯಲ್ಲಿ ಚಾಟಿಯ ಮಾತೆತ್ತಿದರೆ ಯಾರಿಗೂ ಮೊದಲು ಬಂಡಿಕಾರ ನೆನಪಾಗುವುದಿಲ್ಲ, ರೈತ ಸಂಘವೂ ನೆನಪಾಗುವುದಿಲ್ಲ. ನೆನಪಾಗುವುದು ದುರುಗಮುರಿಗಿಯವರು. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ನಡೆಯುವ ಊರಿದು. ದುರುಗಮ್ಮನನ್ನು ಪೆಟ್ಟಿಗೆಯಲ್ಲಿಟ್ಟು ತಲೆಯ ಮೇಲೆ ಹೊತ್ತು ತಿರುಗುವವರು ಇಲ್ಲಿ ಅಪರಿಚಿತರಲ್ಲ. ಮಂಗಳವಾರವೋ ಶುಕ್ರವಾರವೋ ಉರುಮೆಯ ಆ ಗೊಗ್ಗರು ದನಿ ಓಣಿಯ ತುದಿಯಲ್ಲೇ ಕೇಳಿಸುತ್ತದೆ. ಬಾರಿಸುವುದಲ್ಲ, ಬಾಗಿದ ಕಡ್ಡಿಯಿಂದ ತೊಗಲನ್ನು ಉಜ್ಜಿ ಗುರುಗುಟ್ಟಿಸುವುದು. ಹೆಂಗಸಿನ ತಲೆಯ ಮೇಲೆ ಅಮ್ಮನ ಪೆಟ್ಟಿಗೆ, ಕೈಯಲ್ಲಿ ಉರುಮೆ. ಗಂಡಸು ಬರಿಮೈ, ಬಿಚ್ಚಿದ ಕೂದಲು, ಹಣೆ ತುಂಬ ಕುಂಕುಮ, ಕಾಲಿಗೆ ಗೆಜ್ಜೆ, ಕೈಯಲ್ಲಿ ದಪ್ಪ ಚಾಟಿ. ಅವನು ತಿರುಗುತ್ತಾನೆ, ಚಾಟಿಯನ್ನು ಗಾಳಿಯಲ್ಲಿ ಸಿಡಿಸುತ್ತಾನೆ, ಆಮೇಲೆ ತನ್ನ ಮೈಗೇ ಬಾರಿಸಿಕೊಳ್ಳುತ್ತಾನೆ. ಮನೆಯಾಕೆ ನೋಡಲಾರದೆ ಮೊರದಲ್ಲಿ ಜೋಳ, ಅಕ್ಕಿ ತರುತ್ತಾಳೆ. ಮಕ್ಕಳು ಬಾಗಿಲ ಹಿಂದೆ. ಮಹಾರಾಷ್ಟ್ರದ ಗಡಿ ದಾಟಿದರೆ ಇವನಂಥವನೇ ಪೋತರಾಜ. ಮರಾಠಿಯಲ್ಲಿ ಪಾರ್ಥ ಪೋಳಕೆ ಆ ಬದುಕಿನ ಒಳಗಿನಿಂದಲೇ ‘ಆಭರಾನ’ ಎಂಬ ಆತ್ಮಕಥೆ ಬರೆದಿದ್ದಾರೆ.

ಕನ್ನಡದ ಬರಹ ಇವರನ್ನು ನೋಡಿರುವುದು ಮುಖ್ಯವಾಗಿ ಎರಡು ಕಿಟಕಿಗಳಿಂದ. ಒಂದು ಮೂಢನಂಬಿಕೆಯ ಕಿಟಕಿ. ಮೈ ಹಿಂಸಿಸಿಕೊಂಡು ಭಿಕ್ಷೆ ಎತ್ತುವ ಅನಿಷ್ಟ, ನಿಲ್ಲಬೇಕು. ಇನ್ನೊಂದು ಜಾನಪದದ ಕಿಟಕಿ. ನಾಡಿನ ವೈವಿಧ್ಯಮಯ ಕಲೆ, ಉಳಿಯಬೇಕು, ಮೆರವಣಿಗೆಯಲ್ಲಿ ಕುಣಿಸಬೇಕು. ಎರಡಕ್ಕೂ ಅವುಗಳ ನ್ಯಾಯವಿದೆ. ಎರಡರಲ್ಲೂ ಒಂದು ಪ್ರಶ್ನೆ ಮಾತ್ರ ಬರುವುದಿಲ್ಲ: ಇವನು ಅದನ್ನು ಹೇಗೆ ಮಾಡುತ್ತಾನೆ? ಆ ಸದ್ದು ಹೇಗೆ ಬರುತ್ತದೆ? ಎಷ್ಟು ವರ್ಷದ ಅಭ್ಯಾಸ, ಯಾರು ಕಲಿಸಿದರು, ಮೊದಲು ಎಲ್ಲಿ ಪೆಟ್ಟಾಯಿತು? ಹಿಂದೂಸ್ತಾನಿ ಗಾಯಕನನ್ನು ಸಂದರ್ಶನ ಮಾಡುವಾಗ ಮೊದಲು ಕೇಳುವ ಪ್ರಶ್ನೆಗಳಿವು.

ನಮ್ಮ ಬಡಾವಣೆಯ ಹುಡುಗ ಕೇಳಿದ. ಅವನಿಗೆ ಜಾನಪದ ಗೊತ್ತಿಲ್ಲ, ವಿಚಾರವಾದವೂ ಅಷ್ಟಕ್ಕಷ್ಟೆ. ಗೊತ್ತಿರುವುದು ಚಾಟಿ. ದುರುಗಮುರಿಗಿಯವನ ಚಾಟಿಯನ್ನು ಅಪ್ಪಣೆ ಕೇಳಿ ಕೈಗೆ ತಗೊಂಡು ನೋಡಿದ. ಹಗ್ಗದ ಹೆ‌ಣಿಗೆ, ಹಿಡಿಯ ಕಡೆ ಮುಂಗೈಯಷ್ಟು ದಪ್ಪ, ತುದಿಯ ಕಡೆ ಕಿರುಬೆರಳಿಗಿಂತ ಸಣ್ಣ. ವಿಜ್ಞಾನಿಗಳು ಲೆಕ್ಕ ಹಾಕಿದ ಅದೇ ಇಳಿಜಾರು. ಹುಡುಗ ಕೇಳಿದ, ‘ಅಣ್ಣಾ, ಸದ್ದು ಗಾಳೀಲೇ ಬರುತ್ತಲ್ಲ, ಮೈಗೆ ಯಾಕೆ?’

ಅವನು ನಕ್ಕ. ‘ಗಾಳಿಗೆ ಹೊಡದ್ರೆ ಗಾಳಿ ಕೊಡ್ತತೇನಪ್ಪಾ ಜ್ವಾಳನ?’

ನನಗೆ ಗೊತ್ತಿರುವ ಮಟ್ಟಿಗೆ ಕಲೆಯ ಅರ್ಥಶಾಸ್ತ್ರದ ಬಗ್ಗೆ ಇದಕ್ಕಿಂತ ಖಚಿತವಾದ ಮಾತು ಕನ್ನಡದಲ್ಲಿ ಯಾರೂ ಆಡಿಲ್ಲ. ಸಿಡಿತ ಅವನ ಕೌಶಲ, ಏಟು ಅವನ ಕೂಲಿ. ಕೌಶಲಕ್ಕೆ ನಾವು ಒಂದು ಸೇರು ಜೋಳವನ್ನೂ ಕೊಡಲಿಲ್ಲ, ನೋವಿಗೆ ಕೊಟ್ಟೆವು. ಆಮೇಲೆ ಅವನು ನೋವನ್ನು ಮಾರುತ್ತಾನೆ ಎಂದು ಲೇಖನ ಬರೆದೆವು. ಅತ್ತ ಹುಡುಗನ ವಿಡಿಯೊಗಳಿಗೆ ಕೌಶಲಕ್ಕಾಗಿಯೇ ಮೆಚ್ಚುಗೆ ಬರುತ್ತದೆ. ಅವನು ಮೈಗೆ ಬಾರಿಸಿಕೊಂಡರೆ ಜನ ಆಸ್ಪತ್ರೆಯ ವಿಳಾಸ ಕೊಡುತ್ತಾರೆ. ಒಂದೇ ಓಣಿ, ಒಂದೇ ಬಗೆಯ ಚಾಟಿ. ಒಬ್ಬನಿಗೆ ತಾಗದೆ ಇರುವುದು ಸಾಧನೆ, ಇನ್ನೊಬ್ಬನಿಗೆ ತಾಗದಿದ್ದರೆ ಉಪವಾಸ. ಹವ್ಯಾಸ ಮತ್ತು ಕಸುಬುಗಳ ನಡುವೆ ಇರುವ ದೂರವನ್ನು ನಾನು ಇಷ್ಟು ಹತ್ತಿರದಿಂದ ಬೇರೆಲ್ಲೂ ಕಂಡಿಲ್ಲ. ಬಡಾವಣೆಗೆ ಯಾರ ಹೆಸರಿದೆಯೋ ಆ ದೇವರಾಜ ಅರಸರೇ 1972ರಲ್ಲಿ ಹಾವನೂರು ಆಯೋಗವನ್ನು ನೇಮಿಸಿದವರು. 1975ರ ಅದರ ವರದಿಯಿಂದಾಗಿ ಹಿಂದುಳಿದ ಜಾತಿ, ಬುಡಕಟ್ಟುಗಳ ಬದುಕು ಸರ್ಕಾರದ ಲೆಕ್ಕಕ್ಕೆ ಬಂತು. ಲೆಕ್ಕಕ್ಕೆ ಬಂದವರ ಕಸುಬಿನ ಒಳಗುಟ್ಟು ಸಾಹಿತ್ಯದ ಲೆಕ್ಕಕ್ಕೆ ಬರುವುದು ಬಾಕಿಯಿದೆ.

ಮೈಗೆ ಚಾಟಿ ಬಾರಿಸಿಕೊಳ್ಳುವುದನ್ನು ಈಚೆಗೆ ರಾಜಕಾರಣಿಗಳೂ ಮಾಡುತ್ತಿದ್ದಾರೆ. 2022ರ ನವೆಂಬರಿನಲ್ಲಿ ತೆಲಂಗಾಣದ ಸಂಗಾರೆಡ್ಡಿಯಲ್ಲಿ ರಾಹುಲ್ ಗಾಂಧಿ ಪಾದಯಾತ್ರೆಯ ನಡುವೆ ಪೋತರಾಜನ ಚಾಟಿ ತಗೊಂಡು ಬೀಸಿಕೊಂಡರು. 2024ರ ಡಿಸೆಂಬರಿನಲ್ಲಿ ಕೊಯಮತ್ತೂರಿನ ತಮ್ಮ ಮನೆಯ ಮುಂದೆ ಅಣ್ಣಾಮಲೈ ಪ್ರತಿಭಟನೆಯೆಂದು ಆರು ಏಟು ಹೊಡೆದುಕೊಂಡರು. ಒಬ್ಬರದು ಹಬ್ಬದ ಉಮೇದು, ಇನ್ನೊಬ್ಬರದು ವ್ರತದ ಗಾಂಭೀರ್ಯ. ಪಕ್ಷ ಯಾವುದಾದರೂ ಇರಲಿ, ಇಬ್ಬರೂ ಎರವಲು ಪಡೆದದ್ದು ಏಟನ್ನು, ಸಿಡಿತವನ್ನಲ್ಲ. ಕ್ಯಾಮೆರಾಕ್ಕೂ ನಮ್ಮ ಮನೆಯಾಕೆಯ ಹಾಗೇ ಏಟೇ ಬೇಕು.

ಹವ್ಯಾಸಿಗಳ ಲೋಕ ಪೂರ್ತಿ ಮುಗ್ಧ ಎಂದಲ್ಲ. 2000ದ ಸಿಡ್ನಿ ಒಲಿಂಪಿಕ್ಸ್ ಶುರುವಾದದ್ದೇ ಒಂಟಿ ಸವಾರನೊಬ್ಬ ಕುದುರೆ ಎಬ್ಬಿಸಿ ಚಾಟಿ ಸಿಡಿಸುವುದರಿಂದ, ಅವನ ಹಿಂದೆ 120 ಸವಾರರು. ನೋಡಿ ರೋಮಾಂಚನಗೊಂಡವರಲ್ಲಿ ಎಷ್ಟು ಜನಕ್ಕೆ ಆ ದೇಶದ ಕೈದಿಗಳ ಬೆನ್ನು, ದನದ ಕಾವಲುಗಳಲ್ಲಿ ಸಂಬಳವಿಲ್ಲದೆ ದುಡಿದ ಮೂಲನಿವಾಸಿಗಳು ನೆನಪಾದರೋ. ಅಮೆರಿಕದಲ್ಲಿ 1981ರಲ್ಲಿ ಇಂಡಿಯಾನಾ ಜೋನ್ಸ್ ತೆರೆಗೆ ಬಂದ ಮೇಲೆ ಎಷ್ಟೋ ಹುಡುಗರು ಬುಲ್‌ವಿಪ್ ಕೊಂಡರು. ಹತ್ತಿಯ ಹೊಲಗಳಲ್ಲಿ ಕರಿಯರ ಬೆನ್ನಿನ ಮೇಲೆ ಅದು ಏನು ಮಾಡಿತ್ತು ಎಂಬುದನ್ನು ಆ ಸಿನಿಮಾ ಹೇಳುವುದಿಲ್ಲ. ಚಾಟಿ ಆಟವಾಗಬೇಕಾದರೆ ಯಾರೋ ಏನನ್ನೋ ಮರೆಯಬೇಕಾಗುತ್ತದೆ. ನಮ್ಮಲ್ಲಿ ಆ ಮರೆವು ಇನ್ನೂ ಬಂದಿಲ್ಲ. ಅಜ್ಜನ ‘ಯಾರಿಗ್ ಹೊಡಿತೀಯಪ್ಪಾ’ ಎಂಬ ಪ್ರಶ್ನೆ ಅದಕ್ಕೇ ಬಂದದ್ದು. ಅದು ಇನ್ನೂ ಬರುತ್ತಿರುವುದು ಒಳ್ಳೆಯದೇ.

ಆದರೂ ಹವ್ಯಾಸಿಗಳಿಂದ ಕಲಿಯಬೇಕಾದ್ದು ಒಂದಿದೆ: ಹೆಸರಿಡುವುದು. ಚಾಟಿಯ ಒಂದೊಂದು ಭಾಗಕ್ಕೂ ಅವರಲ್ಲಿ ಹೆಸರಿದೆ. ಹಿಡಿ, ಹೆಣೆದ ಮೈ, ಅದರ ತುದಿಗೆ ಒಂಟಿ ಬಾರು, ಬಾರಿನ ತುದಿಗೆ ಸದ್ದು ಮಾಡುವ ಸಣ್ಣ ದಾರದ ಕುಚ್ಚು. ಈ ಕುಚ್ಚು ಬೇಗ ಸವೆಯುತ್ತದೆ, ಬದಲಿಸುತ್ತಿರಬೇಕು. ಒಳ್ಳೆಯದಕ್ಕೆ ಕಾಂಗರೂ ತೊಗಲೇ ಆಗಬೇಕು. ಎಳೆಗಳು ನಾಲ್ಕು, ಎಂಟು, ಹನ್ನೆರಡು, ಹದಿನಾರು. ತಲೆಯ ಮೇಲೆ ಸುತ್ತಿಸಿ ಸಿಡಿಸುವುದು, ಮುಂದಕ್ಕೆ ಎಸೆದಂತೆ ಸಿಡಿಸುವುದು, ಪಕ್ಕದಿಂದ ಬೀಸುವುದು, ಹಿಂದೆಮುಂದೆ ಬಿಡದೆ ಸಿಡಿಸುತ್ತ ಹೋಗುವುದು, ಎರಡೂ ಕೈಯಲ್ಲಿ ಎರಡು ಚಾಟಿ ಹಿಡಿದು ತಾಳ ಹಾಕುವುದು. ಒಂದೊಂದಕ್ಕೂ ಹೆಸರು, ಒಂದೊಂದರ ತಪ್ಪಿಗೂ ಹೆಸರು. ಕಲಿಯುವವರಿಗೆ ಹೇಳುವ ಮೊದಲ ಪಾಠ, ಜೋರು ಮಾಡಬೇಡ. ಶಕ್ತಿ ಹಾಕಿದಷ್ಟೂ ಮಡಿಕೆ ಕೆಡುತ್ತದೆ. ಚಾಟಿಯ ಉದ್ದದ ಎರಡು ಪಟ್ಟು ದೂರದೊಳಗೆ ಯಾರೂ ಇರಬಾರದು. ಮೊದಲ ತಿಂಗಳು ಪೆಟ್ಟು ಬೀಳುವುದು ಕಲಿಯುವವನ ಕಿವಿಗೆ, ಕತ್ತಿಗೆ, ಬೆನ್ನಿಗೆ. ಹವ್ಯಾಸಿಯೂ ದುರುಗಮುರಿಗಿಯವನ ಹಾಗೇ ತನ್ನನ್ನೇ ಹೊಡೆದುಕೊಂಡು ಶುರು ಮಾಡುತ್ತಾನೆ. ಒಬ್ಬನ ಕಲಿಕೆ ಏಟು ತಪ್ಪಿಸುವ ಕಡೆಗೆ, ಇನ್ನೊಬ್ಬನದು ಏಟನ್ನು ಅಳತೆಯಲ್ಲಿ ಹಿಡಿಯುವ ಕಡೆಗೆ.

ಇದೆಲ್ಲಕ್ಕೂ ಕನ್ನಡದಲ್ಲಿ ಮಾತುಗಳಿರಲೇಬೇಕು. ಬಂಡಿಕಾರರ ಬಾಯಲ್ಲಿ, ದುರುಗಮುರಿಗಿಯವರ ಮನೆಮಾತಿನಲ್ಲಿ, ಮುಖ್ಯವಾಗಿ ತೊಗಲಿನ ಕೆಲಸದವರ ಕೇರಿಗಳಲ್ಲಿ. ಬಾರು ಸೀಳುವುದು, ಹದ ಮಾಡುವುದು, ಎಣ್ಣೆ ಕುಡಿಸುವುದು, ಮಿಣಿ ಹೊಸೆಯುವುದು. ಊರಿನ ಎತ್ತು ನಡೆದದ್ದು, ಕಪಿಲೆ ಬಾವಿಯ ನೀರು ಮೇಲೆ ಬಂದದ್ದು ಅವರ ಬೆರಳುಗಳಿಂದ, ಸುಗ್ಗಿಯಲ್ಲಿ ಸಿಗುವ ಆಯದ ಕಾಳಿಗೆ. ಆ ಬಾರುಕೋಲನ್ನು ಕೈಗೆ ನೇರವಾಗಿ ಕೊಡದೆ ನೆಲದ ಮೇಲಿಡಿಸಿಕೊಂಡು ಎತ್ತಿಕೊಂಡ ಮನೆಗಳೂ ಇದ್ದವು. ಟ್ರ್ಯಾಕ್ಟರು, ಪಂಪ್‌ಸೆಟ್ಟು ಬಂದ ಮೇಲೆ ಆ ಕೆಲಸದ ಮಾತುಗಳನ್ನು ಬರೆದಿಟ್ಟುಕೊಂಡವರು ಕಡಿಮೆ. ಗ್ರಂಥಾಲಯದ ನಿಘಂಟಿನಲ್ಲಿ ‘ಚಮ್ಮಟಿಗೆ’ ಎಂಬ ಹಳೆಯ ಪದ ಸಿಗುತ್ತದೆ, ಅರ್ಥದ ಜಾಗದಲ್ಲಿ ‘ಚಾವಟಿ’ ಎಂದಿರುತ್ತದೆ. ಅದನ್ನು ಹೆಣೆದ ಕೈ ಮಾಡುತ್ತಿದ್ದ ಹತ್ತು ಕೆಲಸಗಳ ಹೆಸರು ಅಲ್ಲಿ ಸಿಗುವುದಿಲ್ಲ.

ಹುಡುಗನಿಗೆ ಈಗ ನೈಲಾನ್ ಸಾಕಾಗಿದೆ, ತೊಗಲಿನದು ಬೇಕಂತೆ. ಕಾಂಗರೂ ತೊಗಲಿನ ಚಾಟಿ ತರಿಸಲು ಅವನ ಹತ್ತಿರ ದುಡ್ಡಿಲ್ಲ. ಬೇಸಿಗೆ ರಜದಲ್ಲಿ ಹರಿಹರದಲ್ಲಿ ಚಪ್ಪಲಿ ಹೊಲಿಯುವ ವಯಸ್ಸಾದವರೊಬ್ಬರ ಹತ್ತಿರ ಫೋನಿನಲ್ಲಿ ಚಿತ್ರ ಹಿಡಿದುಕೊಂಡು ಹೋಗಿದ್ದ. ಎಂಟೆಳೆ ಎಂದ. ಅವರು ಚಿಕ್ಕವರಿದ್ದಾಗ ಅಪ್ಪನ ಜೊತೆ ನಾಲ್ಕೆಳೆ ಹಾಕಿದ್ದರಂತೆ, ಎಂಟೆಳೆಯನ್ನು ಯಾರೂ ಕೇಳಿರಲಿಲ್ಲವಂತೆ. ಚಿತ್ರವನ್ನು ಎರಡು ಬೆರಳಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಯಾರಿಗೆ ಹೊಡೆಯಲು ಎಂದು ಅವರು ಕೇಳಲಿಲ್ಲ.

‘ತುದಿ ಎಷ್ಟು ಸಣ್ಣ ಬೇಕಪ್ಪಾ?’ ಎಂದು ಕೇಳಿದರು.